ಒಂದು ಸಲ ಮರಿ ಹಾಕಲಿ, ಆಮೇಲೆ ಆಪರೇಷನ್ ಮಾಡಿಸಿದ್ರೆ ಆಗಲ್ವಾ?

ಪ್ರಶ್ನೆ: ನಮ್ಮದು ಲ್ಯಾಬ್ರಡಾರ್, ಹೆಣ್ಣು, ಎಂಟು ತಿಂಗಳು. ಇನ್ನೂ ಬೆದೆಗೆ ಬಂದಿಲ್ಲ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿಬಿಡಿ ಅಂತ ಡಾಕ್ಟರು ಹೇಳುತ್ತಾರೆ. ನಮ್ಮ ಅತ್ತೆ ಮಾತ್ರ 'ಪಾಪ, ಒಂದು ಸಲವಾದರೂ ಮರಿ ಹಾಕಲಿ, ಇಲ್ಲದಿದ್ದರೆ ಅದರ ಆರೋಗ್ಯ ಕೆಡುತ್ತೆ' ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಡಾಕ್ಟರ ಮಾತು ಕೇಳಿ. ಆದರೆ ನಿಮ್ಮದು ಲ್ಯಾಬ್ ಆದ್ದರಿಂದ ಈ ತಿಂಗಳೇ ಓಡಬೇಕಾಗಿಲ್ಲ.

ಒಂದು ಸೂಲು ಆದರೆ ನಾಯಿ ಗಟ್ಟಿಯಾಗುತ್ತೆ ಅನ್ನುವ ಮಾತಿಗೆ ಆಧಾರವಿಲ್ಲ. ತಾಯಿಯಾಗಲಿಲ್ಲವಲ್ಲ ಅಂತ ನಾಯಿ ಕೊರಗುವುದೂ ಇಲ್ಲ. ಕೊರಗೆಲ್ಲ ನಮ್ಮದೇ. ಇನ್ನು ಮರಿಗಳ ಲೆಕ್ಕ ನೋಡಿ. ಬಸಿರಾದ ಸುಮಾರು 63 ದಿನಕ್ಕೆ ಲ್ಯಾಬ್ ಏಳೆಂಟು ಮರಿ ಹಾಕುವುದು ಸಾಮಾನ್ಯ. ಮೊದಲು ನೆಂಟರೆಲ್ಲ 'ನಮಗೊಂದು ಇಟ್ಟಿರಿ' ಅಂತಾರೆ. ಮರಿ ಕಣ್ಣು ಬಿಟ್ಟ ಮೇಲೆ 'ಗಂಡು ಇದ್ರೆ ಮಾತ್ರ ಕೊಡಿ' ಅಂತ ವರಸೆ ಬದಲಾಗುತ್ತೆ. ಉಳಿದ ಹೆಣ್ಣು ಮರಿಗಳು ರಟ್ಟಿನ ಡಬ್ಬದಲ್ಲಿ ಮಾರ್ಕೆಟ್ ಹಿಂದೆಯೋ ದೇವಸ್ಥಾನದ ಹತ್ತಿರವೋ ಇಳಿಯುವುದನ್ನು ಎಲ್ಲ ಊರಲ್ಲೂ ನೋಡಬಹುದು.

ನನ್ನ ಮಟ್ಟಿಗೆ ಹೆಣ್ಣು ನಾಯಿಗೆ ಆಪರೇಷನ್ ಮಾಡಿಸಲು ಮುಖ್ಯ ಕಾರಣ ಮರಿಗಳೂ ಅಲ್ಲ, ಪಯೋಮೆಟ್ರಾ. ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ. ಬಸಿರಾಗಲಿ ಬಿಡಲಿ, ಪ್ರತಿ ಬೆದೆಯ ನಂತರ ಸುಮಾರು ಎರಡು ತಿಂಗಳು ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಜಾಸ್ತಿ ಇರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಬೆದೆ ಮೇಲೆ ಬೆದೆ ಹೀಗೇ ಆಗುತ್ತಾ ಹೋದರೆ ಒಳಗೆ ಸೇರಿದ ಬ್ಯಾಕ್ಟೀರಿಯಾಕ್ಕೆ ಅದೇ ಹದವಾದ ಜಾಗ. ಆರೇಳು ವರ್ಷದ ನಾಯಿ ಇದ್ದಕ್ಕಿದ್ದ ಹಾಗೆ ಊಟ ಬಿಡುತ್ತೆ, ಬಟ್ಟಲುಗಟ್ಟಲೆ ನೀರು ಕುಡಿಯುತ್ತೆ, ಮತ್ತೆ ಮತ್ತೆ ಉಚ್ಚೆ ಹೊಯ್ಯುತ್ತೆ, ವಾಂತಿ ಮಾಡುತ್ತೆ. ಕೀವು ಹೊರಗೆ ಸೋರಿದರೆ ಬೇಗ ಗೊತ್ತಾಗುತ್ತೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಗೊತ್ತಾಗುವ ಹೊತ್ತಿಗೆ ಜೀವಕ್ಕೇ ಬಂದಿರುತ್ತೆ. ಆಗಲೂ ಮಾಡುವುದು ಹೆಚ್ಚಾಗಿ ಗರ್ಭಕೋಶ, ಅಂಡಾಶಯ ತೆಗೆಯುವ ಇದೇ ಆಪರೇಷನ್ನೇ, ಆದರೆ ವಯಸ್ಸಾದ, ವಿಷವೇರಿದ ನಾಯಿಗೆ. ಸ್ವೀಡನ್ನಿನಲ್ಲಿ ಹಿಂದೆ ಸಾಕುನಾಯಿಗಳಿಗೆ ಸುಮ್ನೆ ಆಪರೇಷನ್ ಮಾಡಿಸುವ ರೂಢಿ ಇರಲಿಲ್ಲ. ಅಲ್ಲಿನ ವಿಮೆ ದಾಖಲೆಗಳ ಪ್ರಕಾರ ಹತ್ತು ವರ್ಷ ತುಂಬುವುದರೊಳಗೆ ನಾಲ್ಕೈದು ಹೆಣ್ಣು ನಾಯಿಗಳಲ್ಲಿ ಒಂದಕ್ಕೆ ಈ ಕಾಯಿಲೆ ಬಂದಿತ್ತು.

ಮೊಲೆ ಗಡ್ಡೆಯ ಮಾತನ್ನೂ ಡಾಕ್ಟರು ಹೇಳಿರಬಹುದು. ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಅಪಾಯ ಆಪರೇಷನ್ ಆಗದ ನಾಯಿಗಿರುವುದರ ಶೇಕಡಾ 0.5ರಷ್ಟಕ್ಕೆ ಇಳಿಯುತ್ತದೆ ಎಂಬ ಲೆಕ್ಕ 1969ರ ಅಮೆರಿಕದ ಅಧ್ಯಯನದ್ದು. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದವರು ಪುರಾವೆ ಅಷ್ಟು ಗಟ್ಟಿಯಿಲ್ಲ ಎಂದರು. ಹಾಗಾಗಿ ಅದೊಂದಕ್ಕಾಗಿ ಅವಸರ ಮಾಡಬೇಡಿ.

ಅವಸರ ಬೇಡ ಅನ್ನಲು ಇನ್ನೊಂದು ಕಾರಣ ಕೀಲು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2020ರಲ್ಲಿ 35 ತಳಿಗಳ ದಾಖಲೆ ನೋಡಿದರು. ಲ್ಯಾಬ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗಳಿಗೆ ವರ್ಷ ತುಂಬುವ ಮುಂಚೆ ಮಾಡಿಸಿದ್ದರೆ ಕೀಲಿನ ತೊಂದರೆ ಜಾಸ್ತಿ ಕಂಡಿತು. ಸಣ್ಣ ತಳಿಗಳಲ್ಲಿ ಹಾಗೆ ಕಾಣಲಿಲ್ಲ. ಮೂಳೆ ಬೆಳೆಯುವುದು ಸರಿಯಾದ ಹೊತ್ತಿಗೆ ನಿಲ್ಲಲು ಅಂಡಾಶಯದ ಹಾರ್ಮೋನುಗಳೂ ಬೇಕು ಅಲ್ವಾ, ಅದಕ್ಕೇ. ಆದ್ದರಿಂದ ನಿಮ್ಮ ಲ್ಯಾಬ್‌ಗೆ ವರ್ಷ ತುಂಬಲಿ.

ಅಷ್ಟರಲ್ಲಿ ಒಂದು ಬೆದೆ ಬಂದೇ ಬರಬಹುದು. ಎಡವಟ್ಟಾಗುವುದು ಇಲ್ಲೇ. ಬೆದೆ ಸುಮಾರು ಮೂರು ವಾರ ಇರುತ್ತದೆ. ಮೊದಲ ವಾರ, ಹತ್ತು ದಿನ ರಕ್ತ ಹೋಗುತ್ತೆ, ಆಮೇಲೆ ತಿಳಿಯಾಗುತ್ತೆ. ಮನೆಯವರು 'ಮುಗೀತು' ಅಂತ ಗೇಟು ತೆಗೆಯುತ್ತಾರೆ. ಗಂಡಿಗೆ ಒಪ್ಪಿ ನಿಲ್ಲುವುದೇ ಆವಾಗ! ಮೂರು ವಾರವೂ ಚೈನು ಬಿಡದೆ ಹೊರಗೆ ಕರೆದೊಯ್ಯಿರಿ, ಟೆರೇಸಿನಲ್ಲಿ ಒಂಟಿಯಾಗಿ ಬಿಡಬೇಡಿ. ಆಪರೇಷನ್ ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲೆ. ಬೆದೆಯಲ್ಲಿದ್ದಾಗ ಅಲ್ಲಿನ ರಕ್ತನಾಳಗಳು ಉಬ್ಬಿರುತ್ತವೆ, ರಕ್ತ ಜಾಸ್ತಿ ಹೋಗುತ್ತೆ. ಕಾಂಪೌಂಡ್ ಇಲ್ಲ, ಹಗಲೆಲ್ಲ ಮನೆಯಲ್ಲಿ ಯಾರೂ ಇರಲ್ಲ ಅಂದರೆ ವರ್ಷದ ಲೆಕ್ಕ ಬಿಟ್ಟು ಮೊದಲೇ ಮಾಡಿಸುವುದು ಮೇಲು. ಬೀದಿಯಿಂದ ತಂದ ನಾಟಿ ನಾಯಿಯಾಗಿದ್ದರೆ ಆರು ತಿಂಗಳಿಗೇ ಮಾಡಿಸಿ ಅಂತ ಹೇಳುತ್ತಿದ್ದೆ.

ಗಂಡು ನಾಯಿಯ ಮಾತು ಬೇರೆ. ಬೆದೆಯ ವಾಸನೆ ಹಿಡಿದು ಓಡುವುದು, ಕಂಡಲ್ಲೆಲ್ಲ ಕಾಲೆತ್ತುವುದು ಕಡಿಮೆಯಾಗುತ್ತೆ. ಕಚ್ಚುವುದು ನಿಲ್ಲುತ್ತೆ ಅಂತ ಮಾತ್ರ ಮಾಡಿಸಬೇಡಿ. ಹೆದರಿ ಕಚ್ಚುವ ನಾಯಿ ಆಮೇಲೂ ಕಚ್ಚುತ್ತೆ. ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿದ್ದರೆ ಮಾತ್ರ ತೆಗೆಸಲೇಬೇಕು, ಅದರಲ್ಲಿ ಗಡ್ಡೆಯಾಗುವ ಅಪಾಯ ಜಾಸ್ತಿ.

ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಬೇಡ ಅನ್ನಬೇಡಿ. ನಮ್ಮ ಕಡೆ ರಕ್ತ ಹೀರುವ ಉಣ್ಣೆಹುಳುವಿನಿಂದ (ಉಣುಗು) ನಾಯಿಗೆ ಬರುವ ಜ್ವರ ಸಾಮಾನ್ಯ. ನಾಯಿ ಮೇಲೆ ಚೆನ್ನಾಗೇ ಕಂಡರೂ ಒಳಗೆ ಪ್ಲೇಟ್‌ಲೆಟ್ ಇಳಿದಿರಬಹುದು, ಅಂಥ ನಾಯಿಯನ್ನು ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಖರ್ಚು ಭಾರ ಅನಿಸಿದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಇಲ್ಲೆಲ್ಲ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ.

ಹೊಲಿಗೆ ಬಿಚ್ಚುವ ತನಕ, ಅಂದರೆ 10ರಿಂದ 14 ದಿನ, ಕತ್ತಿನ ಸುತ್ತ ಪ್ಲಾಸ್ಟಿಕ್ ಕೋನ್ ಇರಲಿ. ಪಾಪ ಅಂತ ರಾತ್ರಿ ತೆಗೆದರೆ ಬೆಳಗಾಗುವುದರೊಳಗೆ ನೆಕ್ಕಿ ಹೊಲಿಗೆ ಬಿಚ್ಚಿರುತ್ತೆ. ದೊಡ್ಡ ಹೆಣ್ಣು ನಾಯಿಗಳಲ್ಲಿ ಕೆಲವಕ್ಕೆ ಮುಂದೆ ಮಲಗಿದಲ್ಲೇ ಉಚ್ಚೆ ಸೋರಬಹುದು, ಅದಕ್ಕೆ ಮಾತ್ರೆ ಇದೆ. ದಪ್ಪಗಾಗುವುದು ಬಹಳ ಜನರ ದೂರು. ಹಸಿವು ಹೆಚ್ಚಿ, ಬೇಕಾದ ಆಹಾರ ಕಡಿಮೆಯಾಗುವುದರಿಂದ ಹಾಗಾಗುತ್ತೆ. ಊಟ ಸುಮಾರು ಕಾಲು ಭಾಗ ಇಳಿಸಿ, ತಿಂಗಳಿಗೊಮ್ಮೆ ತೂಕ ನೋಡಿ. ಅತ್ತೆಯವರು ಚಹಾ ಜೊತೆ ಹಾಕುವ ಬಿಸ್ಕೆಟ್ಟೂ ಆ ಲೆಕ್ಕದಲ್ಲೇ ಬರಬೇಕು.