ಹೆರಾಯಿನ್ ಚಟ ವಿಯೆಟ್ನಾಂನಲ್ಲೇ ಉಳಿದದ್ದು ಹೇಗೆ?

ಚಟ ಹತ್ತಿದರೆ ಚಟ್ಟ ಏರುವ ತನಕ ಬಿಡಲ್ಲ ಅಂತ ನಮ್ಮಲ್ಲಿ ಮಾತಿದೆ. 1971ರಲ್ಲಿ ಅಮೆರಿಕ ಸರ್ಕಾರಕ್ಕೂ ಹೆಚ್ಚುಕಡಿಮೆ ಇದೇ ಭಯವಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅದರ ಸೈನಿಕರು ಹೆರಾಯಿನ್ ಸೇದುತ್ತಿದ್ದರು. ಅಲ್ಲಿ ಅದು ಅಗ್ಗ, ಕಲಬೆರಕೆಯೂ ಕಡಿಮೆ. ಸೂಜಿ ಕೂಡ ಬೇಡ, ತಂಬಾಕಿಗೆ ಬೆರೆಸಿ ಸೇದಿದರೆ ಸಾಕು. ಇವರೆಲ್ಲ ಊರಿಗೆ ಬಂದರೆ ಗತಿಯೇನು?

ಮೂತ್ರ ಪರೀಕ್ಷೆಯಲ್ಲಿ ಪಾಸಾಗದೆ ಊರಿನ ವಿಮಾನ ಹತ್ತುವಂತಿಲ್ಲ ಎಂಬ ನಿಯಮ ಬಂತು. ಆ ಸೆಪ್ಟೆಂಬರ್‌ನಲ್ಲಿ ಮರಳಿದವರಲ್ಲಿ ಸುಮಾರು 900 ಮಂದಿಯನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿಯ ತಂಡ ಹುಡುಕಿ ಮಾತಾಡಿಸಿತು. ಅಲ್ಲಿದ್ದಾಗ ಚಟ ಹತ್ತಿತ್ತು ಎಂದು ಒಪ್ಪಿಕೊಂಡವರು ಸುಮಾರು ಶೇ. 20. ಆದರೆ ಊರಿಗೆ ಬಂದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ! ಮೂರು ವರ್ಷದ ಲೆಕ್ಕ ತೆಗೆದರೂ ಸುಮಾರು ಶೇ. 12. ಊರಲ್ಲಿ ಮಾಲು ಸಿಗಲಿಲ್ಲ ಅಂತಲ್ಲ. ಮರಳಿದ ಮೇಲೂ ಅವರಲ್ಲಿ ಅರ್ಧದಷ್ಟು ಮಂದಿ ಅದನ್ನು ಮುಟ್ಟಿದ್ದರು, ಆದರೆ ಅದಕ್ಕೆ ಅಂಟಿಕೊಳ್ಳಲಿಲ್ಲ.

ಚಟವೆಲ್ಲ ವಸ್ತುವಿನಲ್ಲೇ ಇದೆ ಎನ್ನುವ ಸಿದ್ಧಾಂತ ಇಲ್ಲಿ ಎಡವುತ್ತದೆ. ಹಾಗಂತ ಎಲ್ಲವೂ ಮನಸ್ಸಿನ ಆಟ ಅನ್ನೋಣವೇ? ಅದೂ ಆಗಲ್ಲ.

ಸಿಗರೇಟು ಬಿಟ್ಟವರನ್ನು ಕೇಳಿ ನೋಡಿ. ಮನೆಯಲ್ಲಿ ಬೆಳಗಿಂದ ನೆನಪೇ ಆಗದ್ದು, ಚಹಾ ಅಂಗಡಿ ಮುಂದೆ ನಿಂತ ಕೂಡಲೇ ಕಾಡಲು ಶುರುವಾಗುತ್ತದೆ. ಜಾಗಕ್ಕೆ ಅಷ್ಟು ಬಲವಿದೆ. 1982ರಲ್ಲಿ ಕೆನಡಾದ ಮನೋವಿಜ್ಞಾನಿ ಶೆಪರ್ಡ್ ಸೀಗಲ್ ಮತ್ತು ಜೊತೆಯವರು ಹೆರಾಯಿನ್ ರೂಢಿಯಾದ ಇಲಿಗಳಿಗೆ ಜಾಸ್ತಿ ಪ್ರಮಾಣದಲ್ಲಿ ಅದನ್ನು ಕೊಟ್ಟರು. ಮಾಮೂಲಾಗಿ ಚುಚ್ಚಿಸಿಕೊಳ್ಳುತ್ತಿದ್ದ ಕೋಣೆಯಲ್ಲೇ ಕೊಟ್ಟಾಗ ಸತ್ತವು ಶೇ. 32. ಅಷ್ಟೇ ಪ್ರಮಾಣವನ್ನು ಬೇರೆ ಕೋಣೆಯಲ್ಲಿ ಕೊಟ್ಟಾಗ ಶೇ. 64. ರೂಢಿಯ ಕೋಣೆಯನ್ನು ಕಂಡೊಡನೆ ಮೈ ಮೊದಲೇ ತಯಾರಾಗುತ್ತಿತ್ತು, ಹೊಸ ಕೋಣೆಯಲ್ಲಿ ಆ ಸುಳಿವು ಸಿಗಲಿಲ್ಲ. ಸೈನಿಕರ ಮೈಗೆ ಹೆರಾಯಿನ್ ನೆನಪಿಸುತ್ತಿದ್ದ ಬಂಕರು, ಬೇಸರ, ಭಯ, ಗೆಳೆಯರು ಎಲ್ಲ ಸಾವಿರಾರು ಮೈಲಿ ಆಚೆ ಉಳಿದವು. ನಮ್ಮ ಬೀದಿಯ ಕುಡುಕನಿಗೆ ಆ ಅನುಕೂಲ ಎಲ್ಲಿದೆ? ವ್ಯಸನಮುಕ್ತಿ ಕೇಂದ್ರದಿಂದ ಬಂದರೆ ಮತ್ತದೇ ಬೀದಿ, ಅದೇ ಬಾರು.

ಆ ಸುಳಿವು ಮಿದುಳಿನಲ್ಲಿ ಮಾಡುವುದೇನು? ಅಮೆರಿಕದ ಮನೋವಿಜ್ಞಾನಿಗಳಾದ ಟೆರ್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 1993ರಲ್ಲಿ ಒಂದು ವಿವರಣೆ ಕೊಟ್ಟರು. 'ಬೇಕು' ಅನ್ನಿಸುವುದೇ ಬೇರೆ, 'ಹಿತ' ಅನ್ನಿಸುವುದೇ ಬೇರೆ. ಚಟ ಬೆಳೆದಂತೆ 'ಬೇಕು' ಜೋರಾಗುತ್ತದೆ, 'ಹಿತ' ಇದ್ದಷ್ಟೇ ಇರುತ್ತದೆ ಅಥವಾ ಕರಗುತ್ತದೆ. ಡೋಪಮೀನ್ ಎಂದರೆ ಖುಷಿಯ ರಾಸಾಯನಿಕ ಎಂದು ಪೇಪರಿನಲ್ಲಿ ಓದಿರುತ್ತೀರಿ, ಅಲ್ವಾ? ಇವರ ಪ್ರಕಾರ ಅದು ಹೆಚ್ಚಾಗಿ 'ಬೇಕು' ಕಡೆಯದ್ದು. ಥೂ ಎನ್ನುತ್ತಲೇ ಇನ್ನೊಂದು ಪೆಗ್ ಹಾಕುವವರನ್ನು ನೋಡಿದಾಗ ನನಗೆ ಈ ಮಾತು ನೆನಪಾಗುತ್ತದೆ.

ಇನ್ನು ವಂಶವಾಹಿ. ಕುಡಿತದ ಚಟದ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸಕ್ಕೆ ಸುಮಾರು ಅರ್ಧ ಕಾರಣ ಹುಟ್ಟಿನಿಂದ ಬಂದದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಜಪಾನಿನ ಕತೆ. ಅಲ್ಲಿ ಅನೇಕರಿಗೆ ಒಂದು ಬಗೆಯ ಜೀನ್ ಇದೆ. ಕುಡಿದರೆ ಮುಖ ಕೆಂಪಾಗುತ್ತದೆ, ಹೊಟ್ಟೆ ತೊಳಸುತ್ತದೆ. ಹಾಗಾಗಿ ಚಟದಿಂದ ಅದೊಂದು ಕಾವಲು. 1979ರಲ್ಲಿ ಅಲ್ಲಿನ ಕುಡಿತದ ರೋಗಿಗಳಲ್ಲಿ ಈ ಜೀನಿನ ಒಂದು ಪ್ರತಿ (ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಬಂದದ್ದು) ಇದ್ದವರು ಬರೀ ಶೇ. 2.5. 1992ರ ಹೊತ್ತಿಗೆ ಅದು ಶೇ. 13 ಆಯಿತು. ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗಲ್ಲ. ಬದಲಾದದ್ದು ಕುಡಿತದ ಸುತ್ತಲಿನ ಸಮಾಜ. ಕಾವಲು ಅಲ್ಲೇ ಇತ್ತು, ಒತ್ತಡ ಅದನ್ನು ದಾಟಿತು. ಬರೀ ಜೀನ್ ಹಿಡಿದು ಕೂತವರಿಗೂ, ಬರೀ ಸಮಾಜ ಹಿಡಿದು ಕೂತವರಿಗೂ ಈ ಅಂಕಿ ಬಿಡಿಸಲು ಬರುವುದಿಲ್ಲ.

ಸಿದ್ಧಾಂತಗಳ ಜಗಳಕ್ಕೆ ಒಂದು ಕಾರಣ ನನಗೆ ಹೀಗೆ ಕಾಣುತ್ತದೆ. ಚಟ ಯಾಕೆ ಎಂಬುದು ಒಂದೇ ಪ್ರಶ್ನೆ ಅಲ್ಲ. ಮೊದಲ ಸಲ ಯಾಕೆ ಮುಟ್ಟಿದ? ಯಾಕೆ ಬಿಡಲಾಗಲಿಲ್ಲ? ಬಿಟ್ಟವನು ಯಾಕೆ ಮರಳಿದ? ಮೊದಲನೆಯದಕ್ಕೆ ಯುದ್ಧದ ಭಯ ಮತ್ತು ಅಗ್ಗದ ಮಾಲು ಉತ್ತರವಾದೀತು, ಎರಡನೆಯದಕ್ಕೆ ಮಿದುಳು, ಮೂರನೆಯದಕ್ಕೆ ಜಾಗ.

ಲೀ ರಾಬಿನ್ಸ್ ಕೊಟ್ಟ ಸೈನಿಕರ ಲೆಕ್ಕವನ್ನು ನಂಬಲು ಆಗ ಅನೇಕ ತಜ್ಞರಿಗೆ ಕಷ್ಟವಾಯಿತು. ಅವರು ನೋಡುತ್ತಿದ್ದುದು ಆಸ್ಪತ್ರೆಗೆ ಬಂದವರನ್ನು, ಮತ್ತೆ ಮತ್ತೆ ಬಂದವರನ್ನು. ಚಟ ಬಿಟ್ಟ ಸೈನಿಕರಲ್ಲಿ ಊರಿಗೆ ಬಂದ ಮೇಲೆ ಚಿಕಿತ್ಸೆ ಪಡೆದವರು ಬಹಳ ಕಡಿಮೆ. ಸುಮ್ನೆ ಬಿಟ್ಟು ಮನೆ, ಕೆಲಸ ಅಂತ ಇದ್ದುಬಿಟ್ಟವರು ಯಾವ ವೈದ್ಯರ ಕಣ್ಣಿಗೂ ಬಿದ್ದಿರಲಿಲ್ಲ.