ಪುಸ್ತಕ ಅಮ್ಮನ ಕೈಯಲ್ಲಿರಲಿ

ಮಾರ್ಚ್ ಹತ್ತಿರ ಬಂತೆಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಸದ್ದಡಗುತ್ತದೆ; ಮದುವೆ, ಜಾತ್ರೆಗಳಿಗೆ ಹೋಗುವುದು ನಿಲ್ಲುತ್ತದೆ. ಮಗ ಪುಸ್ತಕ ಹಿಡಿದು ಕುಳಿತಿದ್ದರೆ ಹೆತ್ತವರಿಗೆ ಸಮಾಧಾನ, ಎದ್ದು ಓಡಾಡಿದರೆ ಆತಂಕ. ಆದರೆ ಎಷ್ಟು ಹೊತ್ತು ಓದಿದ ಎಂಬುದಕ್ಕಿಂತ, ಪುಸ್ತಕ ಮುಚ್ಚಿಟ್ಟು ಎಷ್ಟನ್ನು ನೆನಪಿಸಿಕೊಂಡ ಎಂಬುದೇ ಮುಖ್ಯ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪುಟ್ಟ ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಓದಿದವರಿಗೆ ನೆನಪಿದ್ದದ್ದು ಶೇ. 40ರಷ್ಟು, ಬರೆದವರಿಗೆ ಶೇ. 61ರಷ್ಟು. ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ನಂಬಿದ್ದವರು ಮಾತ್ರ ಮತ್ತೆ ಮತ್ತೆ ಓದಿದವರೇ! ಕಣ್ಣಿಗೆ ಪರಿಚಿತವಾದ ಪುಟವನ್ನು ಕಲಿತ ಪಾಠವೆಂದು ಮನಸ್ಸು ಭ್ರಮಿಸುತ್ತದೆ.

ಹೆತ್ತವರು ನಿಜವಾಗಿ ನೆರವಾಗಬಹುದಾದ ಜಾಗ ಇದು. ಅದಕ್ಕೆ ಅವರು ವಿಜ್ಞಾನ ಓದಿರಬೇಕೆಂದೇನೂ ಇಲ್ಲ. ಪುಸ್ತಕ ಅಮ್ಮನ ಕೈಯಲ್ಲಿರಲಿ, ಖಾಲಿ ಹಾಳೆ ಮಗಳ ಕೈಯಲ್ಲಿ. ಹೃದಯದ ಚಿತ್ರ ಬಿಡಿಸಿದ ಮಗಳನ್ನು ಅಮ್ಮ ಕೇಳುತ್ತಾಳೆ: "ಶ್ವಾಸಕೋಶದಿಂದ ಬಂದ ರಕ್ತ ಮೊದಲು ಎಲ್ಲಿಗೆ ಹೋಗುತ್ತದೆ?" ಮೂರು ಸಲ ಓದಿದ್ದ ಹುಡುಗಿ ತಡವರಿಸಿ, "ಎಡ ಹೃತ್ಕುಕ್ಷಿಗೆ" ಎನ್ನುತ್ತಾಳೆ. ಅಮ್ಮ ಪುಸ್ತಕ ನೋಡಿ, "ಇಲ್ಲಿ ಎಡ ಹೃತ್ಕರ್ಣ ಎಂದಿದೆಯಲ್ಲೇ" ಎಂದರೆ ಸಾಕು. ಹಾಗೆ ತಡವರಿಸಿ ತಿದ್ದಿಕೊಂಡದ್ದು ಸುಲಭಕ್ಕೆ ಮರೆಯುವುದಿಲ್ಲ. ಎರಡು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರಂತೂ ಇನ್ನೂ ಒಳ್ಳೆಯದು. ಒಂದು ಷರತ್ತು: ತಪ್ಪು ಹೇಳಿದಾಗ ಬೈಯಬಾರದು. ಬೈದರೆ ಮರುದಿನ ಮಗಳು ಪುಸ್ತಕ ಕೊಡುವುದಿಲ್ಲ.

ಇನ್ನು ನಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಓದಿಸುವುದು ನಮ್ಮಲ್ಲಿ ಹಳೆಯ ರೂಢಿ. ರಾತ್ರಿ ಎಂಟಕ್ಕೇ ಮಲಗುವ ಮನೆಯಲ್ಲಿ ಅದು ನಡೆದೀತು. ಆದರೆ ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ಒಂದೆರಡು ಗಂಟೆ ತಡವಾಗಿ ಸ್ರವಿಸುತ್ತದೆ. ಹನ್ನೊಂದಾದರೂ ನಿದ್ದೆ ಬಾರದಿರುವುದು ಸೋಮಾರಿತನವಲ್ಲ, ಆ ವಯಸ್ಸಿನ ದೇಹಧರ್ಮ. ಹಾಗೆ ಮಲಗಿದವರನ್ನು ನಾಲ್ಕಕ್ಕೆ ಎಬ್ಬಿಸಿದರೆ ಸಿಗುವುದು ಐದು ಗಂಟೆಯ ನಿದ್ದೆ, ಈ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು. ಹಗಲು ಕಲಿತದ್ದನ್ನು ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗ ಮರುಕಳಿಸಿ ಗಟ್ಟಿಮಾಡುವುದು ನಿದ್ದೆಯಲ್ಲಿಯೇ. ನಿದ್ದೆ ಕದ್ದು ಓದಿದರೆ ಓದಿದ್ದೂ ಸೋರುತ್ತದೆ. ಎಚ್ಚರವಿರಲೆಂದು ರಾತ್ರಿ ಎಂಟಕ್ಕೆ ಕೊಟ್ಟ ಗಟ್ಟಿ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ಮಧ್ಯರಾತ್ರಿಯ ಹೊತ್ತಿಗೂ ದೇಹದಲ್ಲೇ ಇರುತ್ತದೆ.

ಭಯವೂ ನೆನಪಿನ ಶತ್ರು. ತೀವ್ರ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು, ಗೊತ್ತಿದ್ದುದನ್ನೂ ಆ ಗಳಿಗೆಗೆ ನೆನಪಿಗೆ ಬಾರದಂತೆ ತಡೆಯಬಲ್ಲದು. ಪರೀಕ್ಷೆಯ ಬೆಳಗ್ಗೆ ಪಕ್ಕದ ಮನೆಯ ಹುಡುಗನ ಅಂಕ ಎತ್ತಬೇಡಿ. ಮುಗಿಸಿ ಬಂದಾಗ ಪ್ರಶ್ನೆಪತ್ರಿಕೆ ಕಸಿದುಕೊಂಡು ಅಂಕ ಕೂಡಿಸಬೇಡಿ, ಊಟ ಬಡಿಸಿ. 2024ರಿಂದ ರಾಜ್ಯದಲ್ಲಿ ವಾರ್ಷಿಕ ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ಅವಕಾಶ ಬಂದಿದೆ. ಇದನ್ನು ಫಲಿತಾಂಶದ ದಿನದವರೆಗೆ ಮುಚ್ಚಿಡದೆ ಮೊದಲೇ ಮಗುವಿಗೆ ಹೇಳಿ.

ಮಗು ಊಟ ಬಿಟ್ಟರೆ, ಯಾರೊಂದಿಗೂ ಮಾತಾಡದಿದ್ದರೆ, ಬದುಕೇ ಬೇಡ ಎಂಬಂಥ ಮಾತಾಡಿದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಮಗು ಹಿಂಜರಿದರೆ ಮೊದಲು ನೀವೇ ಮಾಡಿ.