ನಂಬರೇ ಇಲ್ದಿದ್ರೆ ಉತ್ತರ ಎಲ್ಲಿಂದ ಬರುತ್ತೆ?

ಪ್ರಶ್ನೆ: ನಾವು ಮುಂಬೈನ ಮುಲುಂಡಲ್ಲಿರೋದು, ಮಗಳು ಒಂಬತ್ತನೇ ಕ್ಲಾಸು. ಈಕ್ವೇಶನ್ ತುಂಬಾ ಅಕ್ಷರಗಳೇ, ಅದ್ರಲ್ಲಿ ಒಂದರ ಬೆಲೆ ಕಂಡುಹಿಡೀರಿ ಅಂತಾರೆ. ಉತ್ತರಾನೂ ಅಕ್ಷರಾನೇ ಬಂದ್ರೆ ಅದೆಂಥ ಉತ್ತರ?

ಉತ್ತರ: ಅದೂ ಉತ್ತರಾನೇ ಮೇಡಂ, ಲೆಕ್ಕ ಮಾಡೋ ದಾರಿನೇ ಅಲ್ಲಿ ಉತ್ತರ. ನಿಮ್ಮೂರಿನ ಆಟೋನೇ ತಗೊಳ್ಳಿ, 2025ರ ಫೆಬ್ರವರಿಲಿ ಏರಿದ ರೇಟ್ ಪ್ರಕಾರ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, ಆಮೇಲೆ ಕಿಲೋಮೀಟರಿಗೆ 17.14. ಬಾಡಿಗೆ ‘ಬಾ’, ಆ 26 ‘ಕ’, ಕಿಲೋಮೀಟರ್ ರೇಟು ‘ದ’, ಒಂದೂವರೆ ದಾಟಿದ ಮೇಲಿನ ದೂರ ‘ದೂ’ ಅಂದ್ಕೊಂಡ್ರೆ

ಬಾ = ಕ + ದ × ದೂ

ಮೀಟರ್ ತೋರ್ಸೋದು ಬಾ, ನಮಗೆ ಬೇಕಿರೋದು ದೂ. ಕೊನೆಗೆ ಕೂಡಿಸಿದ್ದನ್ನ ಮೊದ್ಲು ತೆಗೀಬೇಕು, ಅಂದ್ರೆ ಎರಡೂ ಕಡೆ ಕ ಕಳೀರಿ, ಆಮೇಲೆ ಎರಡೂ ಕಡೆ ದ-ದಿಂದ ಭಾಗ್ಸಿ:

ದೂ = (ಬಾ − ಕ) ÷ ದ

ಮೀಟರ್ 60 ತೋರ್ಸಿದ್ರೆ 34 ÷ 17.14, ಹೆಚ್ಚುಕಮ್ಮಿ 2, ಒಂದೂವರೆ ಸೇರಿದ್ರೆ ಮೂರೂವರೆ ಕಿಲೋಮೀಟರ್. ನಾಳೆ ರೇಟ್ ಏರಿದ್ರೂ ಸೂತ್ರ ಅದೇ, ಅಕ್ಷರದಲ್ಲಿ ಇಟ್ಕೊಳ್ಳೋದು ಇದಕ್ಕೇ.

ಮಕ್ಕಳು ಎಡವೋದು ‘ಪಕ್ಷಾಂತರ ಮಾಡಿದ್ರೆ, ಅಂದ್ರೆ ಸಮ ಚಿಹ್ನೆಯ ಆ ಕಡೆಗೆ ಒಯ್ದರೆ, ಪ್ಲಸ್ ಮೈನಸ್ ಚಿಹ್ನೆ ಬದಲಾಗುತ್ತೆ’ ಅನ್ನೋ ಬಾಯಿಪಾಠದಲ್ಲಿ (ಮಹಾರಾಷ್ಟ್ರದಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ!). ಕೂಡೋ ಕಳೆಯೋದಕ್ಕೆ ಅದು ಸರಿ, ಆದ್ರೆ ಗುಣಿಸ್ಕೊಂಡು ಕೂತಿರೋ ದ-ನೂ ಹಂಗೇ ಮೈನಸ್ ಮಾಡಿ ಬಾ − ಕ − ದ ಅಂತ ಬರೆದ್ರೆ 60 ರೂಪಾಯಿಗೆ ಸುಮಾರು 17 ಕಿಲೋಮೀಟರ್ ಬರುತ್ತೆ, ಯಾವ ಆಟೋದವನೂ ಒಪ್ಪಲ್ಲ.

ನಿಜವಾಗ್ಲೂ ತಲೆ ತಿನ್ನೋದು ಬಡ್ಡಿ ಲೆಕ್ಕ, ಬೇಕಾದ ಅಕ್ಷರ ಎರಡು ಸಲ ಬರುತ್ತೆ. ಸರಳ ಬಡ್ಡೀಲಿ ಮೊತ್ತ ‘ಮೊ’, ಅಸಲು ‘ಅ’, ದರ ‘ದ’, ವರ್ಷ ‘ವ’:

ಮೊ = ಅ + ಅ × ದ × ವ

ಅಸಲು ಬೇಕು ಅಂದ್ರೆ ಹುಡುಗ್ರು ಅ = ಮೊ − ಅ × ದ × ವ ಅಂತ ಬರೆದು ಮುಗೀತು ಅಂತಾರೆ, ಬಲಗಡೆ ಇನ್ನೊಂದು ಅ ಹಲ್ಲು ಕಿರೀತಾ ನಿಂತಿದೆ. ಅಲ್ಲಿ ಅ-ನ ಕಾಮನ್ ತೆಗೀಬೇಕು: ಮೊ = ಅ × (1 + ದ × ವ). ಆ 1 ಎಲ್ಲಿಂದ ಬಂತು ಅಂತ ಕೇಳೇ ಕೇಳ್ತಾರೆ, ಒಂಟಿ ಅ ಅಂದ್ರೆ ಒಂದು ಸಲ ಅ ತಾನೇ. ಈಗ ಭಾಗ್ಸಿದ್ರೆ ಅ = ಮೊ ÷ (1 + ದ × ವ). ಶೇಕಡ 8ರಂಗೆ (ಅಂದ್ರೆ ದ = 0.08) 2 ವರ್ಷಕ್ಕೆ 11,600 ಆಗಿದೆ ಅಂದ್ರೆ 11,600 ÷ 1.16, ಇಟ್ಟಿದ್ದು 10,000.